ಕಾಲು ಇಂಚಿನ ದೆವ್ವ

ಹೆದರಿಕೊಳ್ಳೋಣ ಅಂತಲೇ ದುಡ್ಡು ಕೊಟ್ಟು ತಂದ ಪುಸ್ತಕ ಅದು. ಮಾರ್ಕ್ ಡ್ಯಾನಿಯಲೆವ್‌ಸ್ಕಿಯ ಕಾದಂಬರಿ ‘ಹೌಸ್ ಆಫ್ ಲೀವ್ಸ್’. 2000ನೇ ಇಸವಿಯದ್ದು, ಏಳುನೂರು ಪುಟದ ಮೇಲಿದೆ. ಅಮೆರಿಕದ ವರ್ಜೀನಿಯಾದಲ್ಲಿ ಒಂದು ಸಂಸಾರ ಹೊಸ ಮನೆಗೆ ಬರುತ್ತದೆ. ಟೇಪ್ ಹಿಡಿದು ಅಳೆದರೆ ಮನೆ ಹೊರಗಿಗಿಂತ ಒಳಗೆ ಕಾಲು ಇಂಚು ಜಾಸ್ತಿ! ಅಷ್ಟಕ್ಕೇ ಯಜಮಾನನ ನೆಮ್ಮದಿ ಹಾರಿಹೋಗುತ್ತದೆ. ನಾನೂ ನಮ್ಮ ಬಾಡಿಗೆ ಮನೆ ಅಳೆದೆ. ಓನರ್ ಹೇಳಿದ್ದಕ್ಕಿಂತ ಹಾಲ್ ಒಂದೂವರೆ ಅಡಿ ಕಮ್ಮಿ ಬಂತು. ಜಾಸ್ತಿ ಬಂದವನಿಗೆ ಅದೇನು ಗೋಳೋ.

ಮೊದಲ ನೂರು ಪುಟ ಓಡಿತು. ರಾತ್ರಿ ಬಚ್ಚಲುಮನೆ ಲೈಟ್ ಆರಿಸದೆ ಮಲಗುವಷ್ಟು ಭಯವೂ ಆಯಿತು. ಕಷ್ಟ ಇದ್ದದ್ದು ಲೆಕ್ಕ ಇಡುವುದರಲ್ಲಿ. ಆ ಮನೆ ಮೇಲೆ ತೆಗೆದದ್ದು ಅನ್ನುವ, ಆದರೆ ಇಲ್ಲವೇ ಇಲ್ಲದ ಒಂದು ಸಿನಿಮಾ ಬಗ್ಗೆ ಒಬ್ಬ ಕುರುಡು ಮುದುಕ ಬರೆದಿದ್ದಾನೆ. ಅದಕ್ಕೆ ಅಡಿಟಿಪ್ಪಣಿ. ಆ ಟಿಪ್ಪಣಿಗೆ ಟ್ಯಾಟೂ ಅಂಗಡಿ ಹುಡುಗನ ಟಿಪ್ಪಣಿ, ಅದರೊಳಗೆ ಅವನ ಸ್ವಂತ ಕಷ್ಟಸುಖ. ಮೂರು ಕಡೆ ಗುರುತು ಇಡಬೇಕಾಯಿತು. ಒಂದು ಮದುವೆ ಕಾಗದ, ಒಂದು ಬಸ್ ಟಿಕೆಟ್, ಒಂದು ಕರೆಂಟ್ ಬಿಲ್.

ಒಂಬತ್ತನೇ ಅಧ್ಯಾಯದಲ್ಲಿ ಗಾಡಿ ನಿಂತಿತು. ಅದು ಚಕ್ರವ್ಯೂಹದಂಥ ಜಾಗಗಳ ಬಗ್ಗೆ ಇರುವ ಅಧ್ಯಾಯ, ಅಧ್ಯಾಯವೂ ಹಾಗೇ ಇದೆ. ಸಾಲುಗಳು ಅಡ್ಡ, ತಲೆಕೆಳಗೆ, ಕೆಲವು ಕನ್ನಡಿಯಲ್ಲಿ ಕಂಡ ಹಾಗೆ.

“ಏನೋ ಅದು, ಪುಸ್ತಕ ತಲೆಕೆಳಗೆ ಹಿಡ್ಕೊಂಡಿದ್ದೀಯ?” ಅಂದರು ಅಮ್ಮ.

“ಹೀಗೇ ಓದಬೇಕಮ್ಮ.”

“ಎಷ್ಟು ಕೊಟ್ಟೆ ಇದಕ್ಕೆ?”

ಹೇಳಿದೆ. ಆ ಪುಸ್ತಕದಿಂದ ಒಬ್ಬರು ನಿಜವಾಗಿ ಬೆಚ್ಚಿಬಿದ್ದದ್ದು ನೋಡಿದ್ದು ಆಗಲೇ.

ಅಲ್ಲಿ ಕಥೆಯ ಮನೆಯೊಳಗೆ ಕತ್ತಲೆಯಲ್ಲಿ ಏನೋ ಗುರ್ ಅನ್ನುತ್ತಿದೆ, ಇಲ್ಲಿ ನಾನು ಪುಟಗಟ್ಟಲೆ ಕಟ್ಟಡಗಳ ಹೆಸರು ಓದುತ್ತಾ ಕೂತಿದ್ದೇನೆ. ಬಿಟ್ಟು ಮುಂದೆ ಹೋಗಬಹುದಿತ್ತು, ಪರೀಕ್ಷೆಯೇನೂ ಇರಲಿಲ್ಲ. ಆದರೆ ದೆವ್ವ ಆ ಪಟ್ಟಿಯಲ್ಲೇ ಅವಿತಿದ್ದರೆ? ಓದಿಕೊಂಡಿದ್ದ ಗೆಳೆಯ ಧೈರ್ಯ ಹೇಳಿದ: “ಹತ್ತನೇದಕ್ಕೆ ಹೋಗು ಮಾರಾಯ, ಪುಟಕ್ಕೆ ನಾಲ್ಕು ಸಾಲೂ ಇರಲ್ಲ.” ಹೋಗೋಣ, ಮಧ್ಯೆ ಒಂಬತ್ತು ಇದೆಯಲ್ಲ. ಪುಸ್ತಕ ಹಾಸಿಗೆಯಿಂದ ಸೋಫಾಗೆ, ಸೋಫಾದಿಂದ ಫ್ರಿಜ್ ಮೇಲಕ್ಕೆ ಹೋಯಿತು. ಅದರ ಮೇಲೆ ಬಾಳೆಹಣ್ಣಿನ ಚಿಪ್ಪು ಬಂತು.

ಒಂದು ಸಂಜೆ ಬಂದು ನೋಡಿದರೆ ಬೀದಿಯೆಲ್ಲ ಬೆಳಕು, ನಮ್ಮನೆ ಮಾತ್ರ ಕತ್ತಲೆ. ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗಿದ್ದ. ಅವನ ತಪ್ಪೇನಿಲ್ಲ, ಎರಡು ತಿಂಗಳಿಂದ ದುಡ್ಡು ಕಟ್ಟಿರಲಿಲ್ಲ. ದುಡ್ಡು ಕಟ್ಟೋಕೆ ಬೇಕಾದ ನಂಬರ್ ಇದ್ದ ಬಿಲ್ ಎಲ್ಲಿ? ಮೊಬೈಲ್ ಟಾರ್ಚ್ ಹಿಡಿದು ಅಡುಗೆಮನೆ ಕಡೆ ಹೊರಟೆ. ಹತ್ತೇ ಹೆಜ್ಜೆಯ ದಾರಿ, ಆವತ್ತು ಮುಗಿಯಲೇ ಇಲ್ಲ. ಗ್ರೈಂಡರ್‌ಗೆ ಮೊಣಕಾಲು ಬಡಿಯಿತು. “ಯಾರದು?” ಅಂತ ಅಮ್ಮ ಕಿರುಚಿದರು, ನಾನೂ ಕಿರುಚಿದೆ. ಆ ಮನುಷ್ಯ ಕಾಲು ಇಂಚಿಗೆ ಅಷ್ಟು ಯಾಕೆ ಹೆದರಿದ್ದ ಅಂತ ಆಗ ಅರ್ಥವಾಯಿತು.

ಬಿಲ್ ಒಂಬತ್ತನೇ ಅಧ್ಯಾಯದಲ್ಲಿ ಬೆಚ್ಚಗಿತ್ತು. ಎಳೆದುಕೊಂಡೆ, ದುಡ್ಡು ಕಟ್ಟಿದೆ. ಮಾರನೇ ದಿನ ಕರೆಂಟ್ ಬಂತು. ಸರಿ, ಇನ್ನು ಓದಿ ಮುಗಿಸಿಯೇ ಬಿಡೋಣ ಅಂತ ಕೂತೆ. ಎಲ್ಲಿದ್ದೆ ಅನ್ನುವುದೇ ಗೊತ್ತಿಲ್ಲ! ಸುಮ್ನೆ ಮಧ್ಯಕ್ಕೆ ತೆರೆದೆ. ಅಕ್ಷರಗಳೆಲ್ಲ ತಲೆಕೆಳಗಾಗಿದ್ದವು. ಸಿಕ್ಕಿತಪ್ಪ ಒಂಬತ್ತನೇ ಅಧ್ಯಾಯ ಅಂತ ಖುಷಿಯಲ್ಲಿ ಎರಡು ಪುಟ ಓದಿದೆ.

“ಪುಸ್ತಕ ತಿರುಗಿಸಿ ಹಿಡ್ಕೊಳ್ಳೋ,” ಅಂದರು ಅಮ್ಮ. “ರಟ್ಟಿನ ಮೇಲಿನ ಹೆಸರೂ ತಲೆಕೆಳಗಿದೆ.”