ಕೌಂಟ್ ಸರಿಯಿದೆ, ಓಟ ಎಲ್ಲಿ ಹೋಯ್ತು?

ನಲವತ್ತು ದಾಟಿದವರ ವೀರ್ಯಪರೀಕ್ಷೆ ವರದಿ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಕೌಂಟ್, ಅಂದರೆ ವೀರ್ಯಾಣುಗಳ ಸಂಖ್ಯೆಯ ಮೇಲೆ. ವಯಸ್ಸು ಹೆಚ್ಚಾಗಿ ಕೈಹಾಕುವುದು ಅಲ್ಲಲ್ಲ, ಚಲನೆಯ ಮೇಲೆ. ಕೆಳಗಿನ ಸಾಲುಗಳನ್ನೂ ಓದಿ: ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಒಟ್ಟು ಚಲನೆಯ ಕೆಳಮಿತಿ 42%, ಮುಂದಕ್ಕೆ ಈಜುವವು 30%.

ವೀರ್ಯಾಣುವಿನ ತಲೆಯ ಹಿಂದಿನ ಭಾಗದಲ್ಲಿ 50ರಿಂದ 75 ಮೈಟೋಕಾಂಡ್ರಿಯಾಗಳು, ಅಂದರೆ ಜೀವಕೋಶಕ್ಕೆ ಶಕ್ತಿ ತಯಾರಿಸುವ ಪುಟ್ಟ ಘಟಕಗಳು, ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಬಾಲ ಗ್ಲೂಕೋಸಿನಿಂದಲೂ ಶಕ್ತಿ ಪಡೆಯುತ್ತದೆ ನಿಜ, ಆದರೆ ಈ ಸುರುಳಿ ಹಾಳಾದರೆ ಓಟ ಕುಗ್ಗುತ್ತದೆ. ವಯಸ್ಸಾದಂತೆ ಇಲ್ಲಿಂದ ಎಲೆಕ್ಟ್ರಾನುಗಳ ಸೋರಿಕೆ ಹೆಚ್ಚಿ, ಆಮ್ಲಜನಕದ ಉಗ್ರ ಕಣಗಳು ಹುಟ್ಟುತ್ತವೆ. ಬೇರೆ ಜೀವಕೋಶಗಳಾದರೆ ತಡೆದುಕೊಳ್ಳುತ್ತವೆ. ವೀರ್ಯಾಣು ರೂಪುಗೊಳ್ಳುವಾಗಲೇ ತನ್ನ ಕೋಶರಸವನ್ನು ಬಹುಪಾಲು ಕಳಚಿಬಿಟ್ಟಿರುತ್ತದೆ, ರಕ್ಷಿಸುವ ಕಿಣ್ವಗಳೂ ಅದರ ಜೊತೆಗೇ ಹೋಗಿರುತ್ತವೆ. ಪೊರೆಯ ಕೊಬ್ಬು ಕೆಡುತ್ತದೆ, ಡಿಎನ್‌ಎ ತುಂಡಾಗುತ್ತದೆ.

ಗಂಡಸಿನ ಹಾರ್ಮೋನ್ ಟೆಸ್ಟೋಸ್ಟೆರಾನ್ ತಯಾರಿಸುವ, ವೃಷಣದ ಲೇಡಿಗ್ ಕೋಶಗಳ ಕಥೆ ಬೇರೆ. ಟೆಸ್ಟೋಸ್ಟೆರಾನ್ ತಯಾರಿಯ ಮೊದಲ ಹೆಜ್ಜೆ ನಡೆಯುವುದೇ ಮೈಟೋಕಾಂಡ್ರಿಯಾ ಒಳಗೆ. ಸ್ಟಾರ್ ಎಂಬ ಪ್ರೋಟೀನ್ ಅಲ್ಲಿಗೆ ಕೊಲೆಸ್ಟರಾಲ್ ಸಾಗಿಸಬೇಕು. ಬ್ರೌನ್ ನಾರ್ವೆ ಎಂಬ ಪ್ರಯೋಗಾಲಯದ ತಳಿಯ ಮುದಿ ಇಲಿಗಳಲ್ಲಿ ಈ ಕೋಶಗಳ ಸಂಖ್ಯೆ ತಗ್ಗಿರಲಿಲ್ಲ, ಟೆಸ್ಟೋಸ್ಟೆರಾನ್ ತಯಾರಿಸು ಎಂದು ಮೆದುಳಿನಿಂದ ಬರುವ ಎಲ್‌ಎಚ್ ಹಾರ್ಮೋನಿನ ಸಂದೇಶವೂ ತಗ್ಗಿರಲಿಲ್ಲ. ಈ ಸಾಗಣೆಯೇ ಸೊರಗಿತ್ತು.

ಇದನ್ನೇ ಹಿಡಿದು ಜಾಹೀರಾತಿನವರು 'ಮೈಟೋಕಾಂಡ್ರಿಯಾ ಬೂಸ್ಟರ್' ಮಾರುತ್ತಾರೆ. ನನಗೆ ನಂಬಿಕೆಯಿಲ್ಲ. ಅಮೆರಿಕದಲ್ಲಿ 2,370 ಜೋಡಿಗಳ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಂಡಸರಿಗೆ ಆರು ತಿಂಗಳು ದಿನಕ್ಕೆ 30 ಮಿಲಿಗ್ರಾಂ ಸತು, 5 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟರೂ ಮಕ್ಕಳಾಗುವ ಪ್ರಮಾಣ ಏರಲಿಲ್ಲ. ಅದರ ಬದಲು ಸಿಗರೇಟು ಬಿಡಿ. ವೃಷಣಚೀಲದಲ್ಲಿ ಉಬ್ಬಿದ ರಕ್ತನಾಳ, ಅಂದರೆ ವೇರಿಕೋಸೀಲ್ ಇದೆಯೇ ಎಂದು ವೈದ್ಯರಿಂದ ನಿಂತು ಪರೀಕ್ಷೆ ಮಾಡಿಸಿಕೊಳ್ಳಿ. ಅದು ವೃಷಣದ ಶಾಖ ಏರಿಸುತ್ತದೆ.

ಪರೀಕ್ಷೆಗೆ ಮುನ್ನ 2ರಿಂದ 7 ದಿನ ಸ್ಖಲನ ಬೇಡ. ಮನೆಯಲ್ಲಿ ಮಾದರಿ ತೆಗೆದರೆ ಮೈಗೆ ಒತ್ತಿಟ್ಟುಕೊಂಡು ಅರ್ಧ ಗಂಟೆಯೊಳಗೆ, ತೀರಾ ಅಂದರೆ ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಿಸಿ. ತಣ್ಣಗಾದರೆ ಒಳ್ಳೆ ವೀರ್ಯಾಣುವೂ ಸೋಮಾರಿಯಂತೆ ಕಾಣುತ್ತದೆ. ವೀರ್ಯಾಣು ತಯಾರಾಗಲು ಸುಮಾರು 74 ದಿನ, ಆಮೇಲೆ ವೃಷಣಕ್ಕೆ ಅಂಟಿಕೊಂಡ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಮಾಗಲು ಹೆಚ್ಚುಕಮ್ಮಿ ಎರಡು ವಾರ. ಹಾಗಾಗಿ ಏನೇ ಬದಲಿಸಿದರೂ ಮೂರು ತಿಂಗಳು ಬಿಟ್ಟೇ ಮರುಪರೀಕ್ಷೆ.

ಸುಸ್ತು ಎಂದು ಜಿಮ್‌ನವರ ಮಾತು ಕೇಳಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವವರಿದ್ದಾರೆ. ಮಗು ಬೇಕಿರುವವರು ಅದರ ಹತ್ತಿರ ಸುಳಿಯಬಾರದು. ಹೊರಗಿನ ಹಾರ್ಮೋನ್ ಕಂಡು ಮೆದುಳು ಎಲ್‌ಎಚ್ ಅನ್ನೂ ವೀರ್ಯಾಣು ತಯಾರಿಗೆ ಬೇಕಾದ ಎಫ್‌ಎಸ್‌ಎಚ್ ಹಾರ್ಮೋನನ್ನೂ ನಿಲ್ಲಿಸುತ್ತದೆ, ಕೌಂಟ್ ಸೊನ್ನೆಗೂ ಇಳಿಯಬಹುದು. ಇಂಜೆಕ್ಷನ್ ಬಿಟ್ಟ ಮೇಲೂ ಚೇತರಿಕೆಗೆ ಹಲವು ತಿಂಗಳು, ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತದೆ.