ಪಾಯ ತೋಡುವುದರಲ್ಲೇ ಕಳೆದುಹೋದ ಭಾನುವಾರ

ನಿನ್ನೆಯ ವಿಕಿ ಕಾರ್ಯಾಗಾರದಿಂದ ಮನೆಗೆ ಬಂದ ಮೇಲೂ ನನ್ನ ಸಿಟ್ಟು ಇಳಿದಿಲ್ಲ. ಸ್ಕ್ಯಾನ್ ಮಾಡಿದ ಪುಸ್ತಕದ ಪುಟವನ್ನೂ ಅದರ ಪಠ್ಯವನ್ನೂ ಅಕ್ಕಪಕ್ಕ ತೋರಿಸುವ ಪ್ರೂಫ್‌ರೀಡ್ ಪೇಜ್ ಎಂಬ ಎಕ್ಸ್‌ಟೆನ್ಶನ್ (ವಿಕಿಯ ತಂತ್ರಾಂಶಕ್ಕೆ ಸೇರಿಸುವ ಹೆಚ್ಚುವರಿ ಭಾಗ) ಇಲ್ಲದೆ, ಪುಸ್ತಕಗಳ ಮುಕ್ತ ಅಂತರಜಾಲ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನ ಕೆಲಸ ನಡೆಯುವುದಿಲ್ಲವೆಂದು ನಿಮಗೆಲ್ಲ ಗೊತ್ತು. ಅದರಲ್ಲೊಂದು ಸಣ್ಣ ತಿದ್ದುಪಡಿ ಮಾಡಬೇಕೆಂದು ಆಸೆಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಅದನ್ನು ಪರೀಕ್ಷಿಸಲು ಬೇಕಾದ ಸ್ವಂತ ವಿಕಿಗಾಗಿ ಪಿಎಚ್‌ಪಿ ಭಾಷೆ, ಅಪಾಚೆ ವೆಬ್ ಸರ್ವರ್, ಮರಿಯಾಡಿಬಿ ಡೇಟಾಬೇಸ್ ಎಂದು ಒಂದೊಂದನ್ನೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತ, ಒಂದಕ್ಕೊಂದು ಹೊಂದದ ಆವೃತ್ತಿಗಳೊಡನೆ ಸಂಜೆಯವರೆಗೆ ಗುದ್ದಾಡಿ, ಕೋಡಿನ ಒಂದು ಸಾಲನ್ನೂ ಮುಟ್ಟದೆ ಬಸ್ಸು ಹತ್ತಿದಳು.

ಈ ಪಾಡು ಯಾರಿಗೂ ಬೇಕಾಗಿರಲಿಲ್ಲ. ವಿಕಿಗಳನ್ನು ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯ ಮೂಲ ಕೋಡಿನೊಂದಿಗೇ ಡಾಕರ್ ಕಂಪೋಸ್ ಕಡತ ಬರುತ್ತದೆ. ಬೇಕಾದ ತಂತ್ರಾಂಶಗಳನ್ನೆಲ್ಲ ಕಂಟೇನರ್ ಎಂಬ ಸಿದ್ಧ ಪೆಟ್ಟಿಗೆಗಳಲ್ಲಿ ನಡೆಸುವ ಸಾಧನ ಡಾಕರ್; ಅದಕ್ಕೆ ಕೊಡುವ ಸೂಚನೆಗಳ ಪಟ್ಟಿಯೇ ಈ ಕಡತ. ನಾಲ್ಕಾರು ಆದೇಶಗಳನ್ನು ಕೊಟ್ಟರೆ ನಮ್ಮದೇ ಲ್ಯಾಪ್‌ಟಾಪಿನ 8080ನೆಯ ಪೋರ್ಟಿನಲ್ಲಿ (ಬ್ರೌಸರಿನ ವಿಳಾಸದಲ್ಲಿ ಬರೆಯುವ ಸಂಖ್ಯೆ) ವಿಕಿ ತೆರೆದುಕೊಳ್ಳುತ್ತದೆ. ಮಾಹಿತಿಯನ್ನು ಕಡತದಲ್ಲೇ ಇಡುವ ಎಸ್‌ಕ್ಯೂಲೈಟ್ ಬಳಸಿದರೆ ಪ್ರತ್ಯೇಕ ಡೇಟಾಬೇಸ್ ಸರ್ವರ್ ಕೂಡ ಬೇಡ. ಕೋಡಿನ ಫೋಲ್ಡರನ್ನು ಕಂಟೇನರ್ ನೇರವಾಗಿ ಓದುವುದರಿಂದ, ಎಕ್ಸ್‌ಟೆನ್ಶನ್ಸ್ ಫೋಲ್ಡರಿನಲ್ಲಿ ನಾವು ತಿದ್ದಿ ಉಳಿಸಿದ್ದು ಪುಟವನ್ನು ರಿಫ್ರೆಶ್ ಮಾಡಿದೊಡನೆ ಕಾಣುತ್ತದೆ. ಡಾಕರ್‌ನ ಭಾರವನ್ನು ತಾಳದ ಹಳೆಯ ಲ್ಯಾಪ್‌ಟಾಪಾದರೆ ಪಿಎಚ್‌ಪಿಯನ್ನೂ ಅದಕ್ಕೆ ಬೇಕಾದ ಲೈಬ್ರರಿಗಳನ್ನು ತಂದುಕೊಡುವ ಕಂಪೋಸರನ್ನೂ ಹಾಕಿಕೊಂಡು, ಪಿಎಚ್‌ಪಿಯೊಳಗೇ ಇರುವ ಪುಟ್ಟ ಸರ್ವರಿನಿಂದ ಕೆಲಸ ಆರಂಭಿಸಬಹುದು.

ಎಲ್ಲವನ್ನೂ ಕೈಯಾರೆ ಕಟ್ಟಿದರೇನೇ ಒಳಗಿನ ವ್ಯವಸ್ಥೆ ಅರ್ಥವಾಗುತ್ತದೆ ಎಂದು ಹಿರಿಯರೊಬ್ಬರು ಅಲ್ಲಿ ವಾದಿಸಿದರು. ಸರ್ವರ್ ನಡೆಸಲು ಹೊರಟವರಿಗೆ ಆ ಮಾತು ಸರಿ. ಆದರೆ ಆಕೆ ಬಂದದ್ದು ಎಕ್ಸ್‌ಟೆನ್ಶನ್ ತಿದ್ದಲು. ಅಪಾಚೆಯ ಜೊತೆ ಏಳು ಗಂಟೆ ಹೋರಾಡಿದ್ದರಿಂದ ಎಕ್ಸ್‌ಟೆನ್ಶನ್‌ಗಳು ತಮ್ಮ ಕೋಡನ್ನು ಸಿಕ್ಕಿಸುವ ಮೀಡಿಯಾವಿಕಿಯ ಹುಕ್ ಎಂದರೇನೆಂದು ಆಕೆಗೆ ತಿಳಿಯಲಿಲ್ಲ.

ನನಗೆ ಇಷ್ಟು ನೋವಾಗಲು ಕಾರಣವಿದೆ. ಮೊದಲ ಬಾರಿ ಇದೇ ಕೆಲಸಕ್ಕೆ ಕೈಹಾಕಿದಾಗ ಮೂರು ಸಂಜೆ ಸೋತು, ಇದು ನನ್ನಂಥವರಿಗಲ್ಲ ಎಂದು ನಂಬಿ, ಎರಡು ವರ್ಷ ಕೋಡಿನ ಕಡೆ ತಲೆಹಾಕಿರಲಿಲ್ಲ. ಆಕೆಯೂ ಹಾಗೆಯೇ ದೂರವಾಗುತ್ತಾಳೆಂಬ ಭಯ ನಿನ್ನೆಯಿಂದ ಕಾಡುತ್ತಿದೆ.

ಪ್ರೂಫ್‌ರೀಡ್ ಪೇಜ್‌ನ ಮಟ್ಟಿಗೆ ತೊಡಕು ಇನ್ನೂ ಒಂದಿದೆ: ಪಿಡಿಎಫ್ ಪುಸ್ತಕಗಳು ಕಾಣಬೇಕಾದರೆ ಪಿಡಿಎಫ್ ಹ್ಯಾಂಡ್ಲರ್ ಎಂಬ ಇನ್ನೊಂದು ಎಕ್ಸ್‌ಟೆನ್ಶನ್, ಅದಕ್ಕೆ ಆಧಾರವಾಗಿ ಗೋಸ್ಟ್‌ಸ್ಕ್ರಿಪ್ಟ್ ಮತ್ತು ಪಾಪ್ಲರ್‌ನಂಥ ಸಾಧನಗಳು ಬೇಕು. ಇವನ್ನೆಲ್ಲ ಪ್ರತಿಯೊಬ್ಬರೂ ಹುಡುಕಿ ಹಾಕಿಕೊಳ್ಳುವ ಬದಲು, ತಿಳಿದ ಒಬ್ಬರು ಕಂಪೋಸ್‌ನ ಮೂಲ ಸೂಚನೆಗಳಿಗೆ ನಮ್ಮ ಬದಲಾವಣೆ ಸೇರಿಸುವ ಓವರ್‌ರೈಡ್ ಕಡತವನ್ನೂ ಅದಕ್ಕೆ ತಕ್ಕ ಡಾಕರ್ ಇಮೇಜನ್ನೂ (ಕಂಟೇನರಿನ ಅಚ್ಚು) ಒಮ್ಮೆ ಸಿದ್ಧಪಡಿಸಿದರೆ ಉಳಿದವರಿಗೆಲ್ಲ ಅದೇ ಸಾಕು. ನಾನು ಇಂದು ರಾತ್ರಿ ಅದನ್ನು ಬರೆಯಲು ಕೂರುತ್ತಿದ್ದೇನೆ. ಮುಂದಿನ ಕಾರ್ಯಾಗಾರದ ಆಯೋಜಕರು ದಯವಿಟ್ಟು ಇಮೇಜನ್ನು ಪೆನ್‌ಡ್ರೈವ್‌ಗಳಲ್ಲಿ ತುಂಬಿ, ಶನಿವಾರವೇ ಎಲ್ಲರ ಕೈಗೆ ತಲುಪಿಸಿ.