ನಾಲಾಕ್ಕೆ ಬಂದ ಕಯಾಕು

ನಳ ಬಂದು ಆರು ದಿನವಾಗಿತ್ತು. ಏಳನೇ ದಿನ ನೀರು ಬಂತು, ಆದರೆ ಮೇಲಿಂದ. ಒಂದೂವರೆ ತಾಸು ಸುರಿದ ಮಳೆಗೆ ಕಲಬುರಗಿಯ ನಮ್ಮ ಓಣಿಯ ಹಿಂದಿನ ನಾಲಾ ಭೀಮಾ ನದಿಯ ಖಾಸಾ ತಮ್ಮನ ಹಾಗೆ ಹೊರಟಿತ್ತು.

ಬೆಂಗಳೂರಿನಿಂದ ಬಂದಿದ್ದ ನಮ್ಮ ಅಣ್ಣನ ಮಗ ಕಾರಿನ ಡಿಕ್ಕಿಯಿಂದ ಒಂದು ರಬ್ಬರಿನ ಗಂಟು ತೆಗೆದ. ಪಂಪು ಒತ್ತಿದ. ಗಂಟು ಉಬ್ಬಿ ದೋಣಿಯಾಯಿತು.

“ಕಾಕಾ, ಇದು ಕಯಾಕ್. ಸಣ್ಣ ಹಳ್ಳದಲ್ಲಿ ಇಂಥ ನೀರು ಎರಡು ತಾಸು ಇದ್ದರೆ ಜಾಸ್ತಿ. ಈಗಲೇ ಇಳೀಬೇಕು.”

ಸುಳ್ಳಲ್ಲ. ಊರೊಳಗಿನ ಹಳ್ಳ ಏರುವುದೂ ಬೇಗ, ಇಳಿಯುವುದೂ ಬೇಗ. ಸಿಮೆಂಟು, ಡಾಂಬರು ನೀರು ಕುಡಿಯುವುದಿಲ್ಲ. ನಮ್ಮ ಎರೆ ಮಣ್ಣಾದರೂ ಕುಡಿಯಬೇಕಲ್ವಾ? ಅದು ಬೇಸಿಗೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆದುಕೊಂಡಿರುತ್ತದೆ, ನಾಲ್ಕು ಮಳೆ ಬಿದ್ದ ಮೇಲೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಥೇಟ್ ಆರಿಸಿ ಬಂದವರ ಹಾಗೆ.

ಕಯಾಕ್ ಆಡುವವರು ಹರಿವಿಗೆ 1ರಿಂದ 6ರವರೆಗೆ ದರ್ಜೆ ಕೊಡುತ್ತಾರಂತೆ. 1 ಅಂದರೆ ಹೊಸಬರೂ ಇಳಿಯಬಹುದು. 6 ಅಂದರೆ ಜೀವದ ಆಸೆ ಬಿಟ್ಟವರಿಗೆ. ನಮ್ಮದು ಎಷ್ಟನೆಯದು ಎಂದು ಕೇಳಿದೆ. ಹುಡುಗ ದಂಡೆಯ ಮೇಲೆ ನಿಂತು ನೋಡತೊಡಗಿದ. ಮೊದಲು ಒಂದು ಗಾದಿ ಬಂತು. ಅದರ ಹಿಂದೆ ಮೂರು ಕಾಲಿನ ಪ್ಲಾಸ್ಟಿಕ್ ಕುರ್ಚಿ. ಆಮೇಲೆ ‘ಇಲ್ಲಿ ಕಸ ಹಾಕಬಾರದು’ ಎಂಬ ಬೋರ್ಡು, ಕಸದ ಜೊತೆಗೇ.

ದಾರಿಯ ವಿವರವನ್ನು ನಾನೇ ಕೊಟ್ಟೆ. ಶುರುವಿನಲ್ಲಿ ಶಹಾಬಾದ್ ಫರಸಿಯ ಸೇತುವೆಗಳು. ಬೈಕು ನಿಲ್ಲಿಸಲು ಮನೆಗೊಂದರಂತೆ ಹಾಸಿದ್ದೇವೆ, ನನ್ನದೂ ಒಂದಿದೆ. ಅಲ್ಲಿ ತಲೆ ಬಗ್ಗಿಸಬೇಕು. ಮುಂದೆ ಜಾಲಿ ಮುಳ್ಳು. ನೀರು ಅದರೊಳಗಿಂದ ಪಾರಾಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಚಹಾ ಸೋಸುವ ಜಾಳಗಿಯಲ್ಲಿ ಪುಡಿ ಉಳಿಯುತ್ತದಲ್ಲ, ಹಾಗೆ. ಅದನ್ನೂ ದಾಟಿದರೆ ಒಂದು ಕಾಂಪ್ಲೆಕ್ಸು. ಅಲ್ಲಿ ನಾಲಾ ಇಲ್ಲ. ನಕ್ಷೆಯಲ್ಲಿದೆ. ನೆಲದ ಮೇಲೆ ಮೊಬೈಲ್ ಅಂಗಡಿಯಿದೆ, ಅದರ ಕೆಳಗೆ ಎರಡು ಪೈಪು.

“ಆಚೆ ತುದಿ ಕಾಣದ ಪೈಪಿನೊಳಗೆ ಯಾವತ್ತೂ ಹೋಗಬಾರದು ಕಾಕಾ” ಎಂದ ಹುಡುಗ. ಅರ್ಧ ಊರಿನ ನೀರನ್ನೇ ನಾವು ಅದರೊಳಗೆ ಕಳಿಸಿದ್ದೇವೆ. ಅದು ಎಲ್ಲಿಂದ ಹೊರಗೆ ಬರುತ್ತದೆ ಎಂದು ಹಿಂದಿನ ಓಣಿಯವರ ಅಡುಗೆಮನೆಯಲ್ಲಿ ಕೇಳಬೇಕು.

1347ರಲ್ಲಿ ಬಹಮನಿಗಳು ಇಲ್ಲಿ ರಾಜ್ಯ ಕಟ್ಟಿದರು. ಅವರ ಕೋಟೆಗೆ ಶತ್ರು ಬರಬಾರದೆಂದು ಸುತ್ತಲೂ ಕಂದಕವಿತ್ತು. ಈಗ ಒಂದು ಮಳೆಗೆ ಪ್ರತಿ ಕಾಲೊನಿಗೂ ಕಂದಕ ಸಿಗುತ್ತದೆ. ಶತ್ರು ಬರುವುದಿಲ್ಲ. ಆಟೋನೂ ಬರುವುದಿಲ್ಲ. ಇನ್ನು ಬೀದರಿನ ನೌಬಾದಿನಲ್ಲಿ 15ನೇ ಶತಮಾನದವರು ನೆಲದಡಿ ಸುರಂಗ ಕೊರೆದು, ಇಳಿಜಾರು ಲೆಕ್ಕ ಹಾಕಿ ನೀರು ಹರಿಸಿದರು. ಕರೇಜ್ ಅನ್ನುತ್ತಾರೆ. ಪಂಪಿಲ್ಲ, ಕರೆಂಟಿಲ್ಲ. ನಮ್ಮ ಓಣಿಯ ಹೊಸ ಗಟಾರ ರಸ್ತೆಗಿಂತ ಒಂದು ಗೇಣು ಎತ್ತರದಲ್ಲಿದೆ. ನೀರು ಅದನ್ನು ಹತ್ತಬೇಕು. ಹತ್ತಲಿಲ್ಲವೆಂದರೆ ತಪ್ಪು ನೀರಿನದು.

ಸಂಬಂಧಪಟ್ಟವರಿಗೆ ಫೋನ್ ಮಾಡಿದೆ. “ನಾಲಾದ ಹೂಳು ತೆಗದೀವ್ರಿ” ಎಂದರು. ತೆಗೆದದ್ದು ನಿಜ. ತೆಗೆದು ದಂಡೆಯ ಮೇಲೇ ಗುಡ್ಡೆ ಹಾಕಿದ್ದರು. ಮಳೆ ಅದನ್ನು ಇದ್ದಲ್ಲಿಗೇ ತಂದು ಹಾಕಿತು. ಮುಂದಿನ ವರ್ಷದ ಟೆಂಡರಿಗೆ ಇಷ್ಟು ಅನುಕೂಲ ಮಾಡಿಕೊಡುವ ಮಳೆಯನ್ನು ಸುಮ್ನೆ ಬೈಯುತ್ತೇವೆ. “ಸಾಹೇಬ್ರು ಪರಿಶೀಲನೆಗೆ ಬರ್ತಾರೇನ್ರಿ? ದೋಣಿ ನಮ್ಮದೇ ಅದ” ಎಂದೆ. “ನೀರ್ ಇಳದ ಮ್ಯಾಲ ಬರ್ತಾರ್ರಿ” ಎಂದರು.

ಇತ್ತ ಹುಡುಗ ತೇಲುವ ಜಾಕೀಟು, ಹೆಲ್ಮೆಟ್ಟು ಹಾಕಿ ರೆಡಿಯಾಗಿದ್ದ. ಅಷ್ಟರಲ್ಲಿ ಗಾಳಿ ನಮ್ಮ ಕಡೆ ತಿರುಗಿತು. ಓಣಿಯ ಸಂಡಾಸಿನ ನೀರೆಲ್ಲ ಇದೇ ನಾಲಾಕ್ಕೆ ಬರುತ್ತದೆಂದು ಅವನಿಗೆ ಹೇಳುವುದು ಬಿಟ್ಟೇ ಹೋಗಿತ್ತು. ಮೂಗು ಮುಚ್ಚಿಕೊಂಡು, “ಇದು ದರ್ಜೆ 7” ಎಂದ. ದೋಣಿ ಎತ್ತಿಕೊಂಡು ಮನೆಗೆ ನಡೆದ.

ರಾತ್ರಿ ಎರಡೂವರೆಗೆ ಹೆಂಡತಿ ಎಬ್ಬಿಸಿದಳು. “ಏಳ್ರೀ, ನಳ ಬಂದದ!” ಕೊಡ ತುಂಬಿದವು, ಬಕೆಟ್ಟು ತುಂಬಿದವು, ಬ್ಯಾರಲ್ ತುಂಬಿತು. ನಳ ಇನ್ನೂ ಬರುತ್ತಲೇ ಇತ್ತು. ಅಂಗಳದಲ್ಲಿ ಕಯಾಕ್ ಖಾಲಿ ಬಿದ್ದಿತ್ತು.

ಹುಡುಗ ಅದನ್ನು ಬಿಟ್ಟೇ ಬೆಂಗಳೂರಿಗೆ ಹೋದ. ಹೋಗಬೇಕಾಯಿತು. ತುಂಬಿದ ನೀರು ಚೆಲ್ಲಲು ಅವನ ಕಾಕು ಒಪ್ಪಲಿಲ್ಲ. ಈಗ ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಈ ಟಾಕಿ ಎಲ್ಲಿ ತಗೊಂಡ್ರಿ? ಚಲೋ ಅದ.”